ಮೂಡಮಖದ ಮನಿ, ಎರಡು ಖೋಲಿ

ನನ್ನ ಫೋನ್ ಹಿಡಕೊಂಡು ಬಂದು ಮಗಳು
"ಅವ್ವಾ, ಈ ಮನಿ ಎಲ್ಲೋ ನೋಡಿದಂಗದ" ಅಂದಳು.
ನೋಡಿದೆ. ನಂದೇ ಹಸಿರು ಪರಕಾರ
ಹಗ್ಗದ ಮ್ಯಾಲ ಒಣಗ್ಲತ್ತದ,
ಹಿಂದ ನಮ್ಮ ನಳ, ನಮ್ಮ ತಗಡಿನ ಡ್ರಮ್ಮು,
ಕೆಳಗೊಂದು ಗೆರಿ:
ನಲವತ್ತೆರಡು ಲಕ್ಷ. ಮಾತುಕತೆಗೆ ಅವಕಾಶವಿದೆ.

ಯಾವಾಗ ತಗದಾರ ಈ ಫೋಟೊ?
ಹೋದ ಮಂಗಳವಾರ ಮಾಲಕರ ಅಳಿಯ
ಛತ್ತು ಸೋರ್ತದೇನು ನೋಡ್ತೀನಿ ಅಂತ ಬಂದಿದ್ದ.
ಸಕ್ಕರಿ ಕಮ್ಮಿ ಹಾಕ್ರಿ ಅಂದ, ಚಹಾ ಕುಡದ,
ಛತ್ತು ನೋಡದೇ ಹೋದ.

ಫೋಟೊದಾಗ ನಮ್ಮ ಖೋಲಿ ಹಿಗ್ಗ್ಯದ.
ಹನ್ನೊಂದು ವರ್ಷ ಮೊಣಕೈ ಬಡಕೋತ ತಿರುಗಿದ ಜಾಗ
ಮದುವಿ ಹಂದರದಷ್ಟು ಅಗಲಾಗಿ ಕುಂತದ.
ನನ್ನ ಹೊಲಿಗಿ ಮಶೀನು ಅಂಚಿನಾಗ ಕತ್ತರಿಸಿ
ಬರೇ ಅರ್ಧ ಗಾಲಿ ಉಳದದ.
ಶಾಬಾದಿ ಪರಸಿಗಿ 'ನೈಸರ್ಗಿಕ ಶಿಲಾ ನೆಲಹಾಸು' ಅಂತ ಹೆಸರು;
ಬ್ಯಾಸಿಗ್ಯಾಗ ಅದರ ಮ್ಯಾಲ ನೀರ ಹೊಡದು
ಬೆನ್ನ ಹಚ್ಚಿ ಮಕ್ಕೊಂಡವರ ಹೆಸರು ಎಲ್ಲೂ ಇಲ್ಲ.
ನೀರು ಇಪ್ಪತ್ತನಾಲ್ಕು ತಾಸು, ಬರದಾರ.
ನಳ ಬರೋದು ಐದು ದಿನಕ್ಕೊಮ್ಮೆ, ಅದೂ ನಸುಕಿನಾಗ,
ಓಣಿಗಿ ಓಣಿನೇ ಕೊಡದ ಸಪ್ಪಳಕ್ಕ ಎದ್ದು ಕೂಡ್ತದ.

ಸುಳ್ಳು ಹೊಸದಲ್ಲ ಬಿಡ್ರಿ.
ನನಗ ಈ ಮನಿ ಸಿಕ್ಕದ್ದು ಗಿರಣಿ ಕಾಶೀಬಾಯಿ ಬಾಯಿಂದ.
ಹುಬ್ಬಿನ ತುಂಬ ಹಿಟ್ಟು, ಪಟ್ಟಾದ ಗದ್ದಲದಾಗ ಒದರಿ ಹೇಳಿದ್ದಳು:
"ಒಬ್ಬಾಕಿ ಅದೀನಿ ಅನಬ್ಯಾಡ.
ಗಂಡ ಪುಣೆದಾಗ ಅದಾನ, ದೀಪಾವಳಿಗಿ ಬರ್ತಾನ ಅನ್ನು."
ಆ ಗಂಡ ಇನ್ನಾ ಬರ್ಲತ್ತಾನ.

ನಕಾಶೆ ಒತ್ತಿದೆ.
ಬ್ರಹ್ಮಪುರದ ನಮ್ಮ ಓಣಿ, ಹಾಲಿನ ಡೈರಿ, ಗಿರಣಿ,
ನಡುವ ಒಂದು ನೀಲಿ ಚುಕ್ಕಿ ಉಸಿರಾಡ್ಲತ್ತಿತ್ತು.
ನೀವು ಇಲ್ಲಿದ್ದೀರಿ, ಅಂತು.
ಅಷ್ಟಾದರೂ ಒಪ್ಪಿಕೊಂಡಿತು.

ನಲವತ್ತಾರು ಮಂದಿ ಹೃದಯ ಒತ್ಯಾರ ಈ ಮನಿಗಿ.
ನಾನೂ ಒತ್ತಿದೆ. ನಲವತ್ತೇಳಾತು.

ಒಲಿ ಮ್ಯಾಲಿನ ಹಾಲು ಇನ್ನಾ ಉಕ್ಕಿರಲಿಲ್ಲ, ಫೋನು ಬಂತು.
ಭಾಳ ಮಿದು ದನಿ, ಆ ಕಡಿ ಕನ್ನಡ:
"ಜಗದೇವಿ ಮೇಡಂ, ಸ್ವಂತಕ್ಕಾ, ಇನ್ವೆಸ್ಟ್‌ಮೆಂಟ್‌ಗಾ?"
"ಸ್ವಂತಕ್ಕ್ರಿ."
"ಬಜೆಟ್ ಎಷ್ಟು ಅಂದ್ಕೊಂಡಿದ್ದೀರಾ?"
ಮಶೀನಿನ ಡ್ರಾದಾಗ ಕೈಯಿಟ್ಟೆ.
ಜಂಪರದ ರೊಕ್ಕ, ಹುಕ್ಕಿನ ಪಾಕೀಟು, ಒಂದು ಮುರದ ಸೂಜಿ.
"ಮಾತಾಡೂಣ್ರಿ" ಅಂದೆ. "ಈಗ ಆ ಮನ್ಯಾಗ ಯಾರ ಅದಾರ್ರಿ?"
"ಬಾಡಿಗೆಯವರು ಮೇಡಂ. ಅವರಿಂದ ಏನೂ ತೊಂದರೆ ಇಲ್ಲ."

ಹನ್ನೊಂದು ವರ್ಷಕ್ಕ ನನಗ ಸಿಕ್ಕ
ಮೊದಲನೇ ಸರ್ಟಿಫಿಕೇಟು.

ಐತ್ವಾರ ಪರಸಿ ಎರಡು ಸಲ ಒರಸಿದೆ.
ಹನ್ನೊಂದಕ್ಕ ಬಂದರು.
ಮುಂದ ಇಮಾಮ್‌ಪಾಶಾ, ಏಜೆಂಟು, ಇನ್ನಾ ಮೀಸಿ ಚಿಗುರೋ ಹುಡುಗ,
ಗ್ವಾಡಿಗಿ ಕೆಂಪು ಬೆಳಕ ಬಿಟ್ಟು ಅಳತಿ ತಗೋತಾನ;
ಹಿಂದ ಆಳಂದದ ಮಾಸ್ತರು, ಅವರ ಹೆಂಡತಿ,
ನಳ ತಿರುವಿ ನೋಡೋ ಒಬ್ಬ ಗುತ್ತೇದಾರ.
ನಳ ಹುಸ್ ಅಂತು.
ಮಾಸ್ತರ ಹೆಂಡತಿ ಬಾಜೂಕ ಬಂದು ಮೆಲ್ಲಕ
"ಖರೇನ ಇಪ್ಪತ್ತನಾಲ್ಕು ತಾಸೇನ್ರಿ?" ಅಂದಳು.
ನಾ ಏನೂ ಅನಲಿಲ್ಲ. ಡ್ರಮ್ಮಿನ ಮುಚ್ಚಳ ತಗದು ತೋರಿಸಿದೆ.

"ಇನ್ನೊಂದು ಪಾರ್ಟಿ ಬರಬೇಕ್ರಿ, ಇಲ್ಲೇ ಬ್ರಹ್ಮಪುರದವರು,
ಭಾಳ ಮನಸದ ಅವರಿಗಿ" ಅಂದು
ಇಮಾಮ್‌ಪಾಶಾ ಫೋನ್ ಹಚ್ಚಿದ.

ಅಡಗಿ ಖೋಲ್ಯಾಗ, ತೊಗರಿ ಬ್ಯಾಳಿ ಡಬ್ಬಿ ಬಾಜೂಕ,
ಬಾರಿಸಲಿಕ್ಕ ಹತ್ತಿತು.

ಅವ ಕಿವಿಯಿಂದ ಫೋನ್ ತಗದ. ನೋಡಿದ. ಮತ್ತ ಹಚ್ಚಿದ.
ಅದು ಬಾರಿಸ್ಲತ್ತೇ ಇತ್ತು.
ಮದುವಿ ಹಂದರದಷ್ಟು ಅಗಲಾಗಿದ್ದ ಖೋಲಿ
ಒಮ್ಮೆಲೇ ತನ್ನ ಅಳತಿಗಿ ಬಂತು,
ಐದು ಮಂದಿ, ಮೊಣಕೈಗಿ ಮೊಣಕೈ.

"ಕೂಡ್ರಿ" ಅಂದೆ, "ಅವರು ಬಂದಾರ.
ಚಹಾಕ್ಕ ಸಕ್ಕರಿ ಎಷ್ಟು ಹಾಕಲಿ?"