ಧನಿ ಮಿಶ್ರಣ: ನಿಂಗರಾಜು

ಸಾಕಮ್ಮನ ರಾಗಿ ಮಿಲ್ಲಿನ ಮೇಲೆ
ಹತ್ತಕ್ಕೆ ಹನ್ನೆರಡರ ಕೋಣೆ.
ಗೋಡೆಗೆ ಮೊಟ್ಟೆಯ ಟ್ರೇ, ಅದರ ಮೇಲೆ ಗೋಣಿ,
ಬಾಗಿಲಿಗೆ ನನ್ನ ಮದುವೆಯ ಹಾಸಿಗೆ.
ಹಗಲೆಲ್ಲ ಕೆಳಗೆ ಕಲ್ಲು ತಿರುಗುತ್ತದೆ, ಹಾಗಾಗಿ
ಮಂಡ್ಯದ ರಾಕ್ ಹುಟ್ಟಿದ್ದೆಲ್ಲ ರಾತ್ರಿ ಒಂಬತ್ತರ ಮೇಲೆ.
ತಂತಿಯ ಮೇಲೂ ಹಿಟ್ಟು, ಫೇಡರಿನ ಸಂದಿಯಲ್ಲೂ ಹಿಟ್ಟು.
ನಾನು ಸೀನಿದ್ದು ಎರಡು ಹಾಡಿನಲ್ಲಿ ಇನ್ನೂ ಇದೆ,
ಹುಡುಕಿದರೆ ಸಿಗುತ್ತದೆ.

ಶುರುವಾದದ್ದು ಸೋದರಮಾವನ ಸೌಂಡ್ ಸೆಟ್ಟಿನಿಂದ.
ಬೀಗರೂಟ, ನಾಮಕರಣ, ಎಲೆಕ್ಷನ್ನಿನ ಆಟೊ.
'ತನ್ನ ಮಾತು ತನಗೇ ವಾಪಸು ಕೇಳಿಸಿದ್ರೆ
ಯಾರಾದ್ರೂ ಕಿರುಚ್ಕೋತಾರೆ ಕಣ್ಲಾ' ಅಂದಿದ್ದ,
ಕೂಗುವ ಮೈಕನ್ನು ಹಾರನ್ನಿನಿಂದ
ಎರಡು ಗೇಣು ಆಚೆಗೆ ತಿರುಗಿಸುತ್ತ.
ಆಮೇಲೆ ಕಲಿತದ್ದೆಲ್ಲ ಆ ಎರಡು ಗೇಣಿನ ಲೆಕ್ಕ.

ಮಳವಳ್ಳಿಗೆ ಹೆಣ್ಣು ನೋಡಲು ಹೋದಾಗ
ಹುಡುಗಿಯ ಅಪ್ಪ ಕೇಳಿದರು:
ಹಾಡ್ತೀರಾ?
ಇಲ್ಲ.
ಬಾರಿಸ್ತೀರಾ?
ಇಲ್ಲ.
ಮತ್ತೆ?
ಜಾಸ್ತಿ ಆಗಿದ್ದನ್ನ ಕಮ್ಮಿ ಮಾಡ್ತೀನಿ.
ಒಳಗಿನಿಂದ ಯಾರೋ ಕಿಸಕ್ಕೆಂದರು. ತಾನೇ ಎಂದು
ಇವತ್ತಿಗೂ ಒಪ್ಪಿಕೊಂಡಿಲ್ಲ ಶಿವಮ್ಮ.

'ಕಬ್ಬಿನ ಸಿಪ್ಪೆ': ಪಾಲಿಟೆಕ್ನಿಕ್ಕಿನ ನಾಲ್ಕು ಹುಡುಗರು.
ಗಿಟಾರಿನ ಎಡ್ವಿನನಿಗೆ ತಾನು ಕೇಳಿಸಬೇಕು,
ಡ್ರಮ್ಮಿನ ತೌಸೀಫನಿಗೆ ತಾನೊಬ್ಬನೇ ಕೇಳಿಸಬೇಕು,
ಜವರೇಶ ಬಾಯಿ ತೆರೆದರೆ ಗುತ್ತಲಿನವರೆಗೂ ಕೇಳಿಸುತ್ತಿತ್ತು.
ಬೇಸಿನ ಮರಿಲಿಂಗ ಮಾತ್ರ ಏನೂ ಕೇಳುತ್ತಿರಲಿಲ್ಲ.
ಅವನ ಮೇಲೇ ಪಾಯ ಹಾಕಿದೆ.

ಮೂರು ವಾರ, ಮೂವತ್ತೆಂಟು ಮಿಕ್ಸು.
ಗಿಟಾರಿನ ಎದೆ ಕೊಂಚ ಕೊರೆದು ದನಿಗೆ ಜಾಗ,
ದನಿಯ ತಳ ಹೆರೆದು ಡ್ರಮ್ಮಿಗೆ ಜಾಗ.
ಮುದ್ದೆಯಲ್ಲಿ ಗಂಟಿರಬಾರದು, ನಿಜ.
ಹಾಡಿನಲ್ಲಿ ಒಂದಾದರೂ ಇರಬೇಕು.
ಆರನೇ ಹಾಡಿನ ಕೊನೆಗೆ ಜವರೇಶನ ಗಂಟಲು ಸೀಳಿತು,
ಅದೇ ಹೊತ್ತಿಗೆ ಹೊರಗೆ ಮೈಸೂರಿನ ರೈಲು.
ಇನ್ನೊಂದು ಟೇಕ್ ಅಂದರು ನಾಲ್ವರೂ.
ಟೇಪ್ ಮುಗೀತು ಅಂದೆ.
ಕಪಾಟಿನಲ್ಲಿ ಇನ್ನೂ ಎರಡಿದ್ದವು.

ಕ್ಯಾಸೆಟ್ ಬಂತು. ಕಾಗದದ ಕೊನೇ ಮಡಿಕೆಯಲ್ಲಿ,
ಪ್ರೆಸ್ಸಿನವರ ಫೋನ್ ನಂಬರಿನ ಮೇಲೆ,
ಧ್ವನಿಯ ವ-ಒತ್ತು ಬಿದ್ದುಹೋಗಿ
'ಧನಿ ಮಿಶ್ರಣ: ನಿಂಗರಾಜು'.
ನಾನು ಧನಿಯಾದದ್ದು ಅಷ್ಟೇ.
ಬಾಕಿ ಎಂಟುನೂರು ಇನ್ನೂ ಬರಬೇಕು.

ಬ್ಯಾಂಡುಗಳು ಗಡ್ಡ ಬಿಟ್ಟುಕೊಂಡು ಬಂದವು,
ಕೆಲಸ ಸಿಕ್ಕಿ ಬೋಳಿಸಿಕೊಂಡು ಹೋದವು.
ಟೇಪ್ ಹೋಯಿತು, ಕಂಪ್ಯೂಟರ್ ಬಂತು,
ಅದರ ಫ್ಯಾನಿನೊಳಗೂ ಹಿಟ್ಟು.
ಎಲ್ಲರೂ ಕೇಳಿದ್ದು ಒಂದೇ:
ಇನ್ನೂ ಜೋರು ಮಾಡಿ ಸಾರ್.

ಮೊನ್ನೆ ತೌಸೀಫನ ಮಗ ಬಂದಿದ್ದ, ಅವನದೂ ಡ್ರಮ್ಮು.
ಮಿಕ್ಸ್ ಕೇಳಿ ಮುಖ ಹಿಂಡಿದ.
ಸಿಂಬಲ್ ಚುಚ್ತಿದೆ ಅಂಕಲ್.
ಎಲ್ಲಿ?
ಪೂರ್ತಿ.

ಮೈಸೂರಿನ ಡಾಕ್ಟರು ಗ್ರಾಫ್ ಕೊಟ್ಟರು.
ಮೂರು ಸಾವಿರದವರೆಗೆ ನಮ್ಮ ನಾಲೆಯ ಬಯಲು, ಸಮ,
ಅಲ್ಲಿಂದಾಚೆ ಗಗನಚುಕ್ಕಿ.
ಎಷ್ಟು ವರ್ಷದಿಂದ ಹೀಗೆ ಅಂದೆ.
ಅದನ್ನ ನೀವು ಹೇಳಬೇಕು ಅಂದರು.
ಅಂದರೆ, ನಾಲಿಗೆ ಸತ್ತಮೇಲೂ ಉಪ್ಪು ಹಾಕುತ್ತಲೇ ಇದ್ದೆ,
ಉಂಡವರು ಯಾರೂ ಬಾಯಿಬಿಡಲಿಲ್ಲ.

ಈಗ ಸಾಕಮ್ಮನ ಮೊಮ್ಮಗಳು ಸಿಂಚನ,
ನಾಲ್ಕನೇ ಕ್ಲಾಸು, ಪಕ್ಕದ ಸ್ಟೂಲಿನ ಮೇಲೆ.
ಚುಚ್ಚಿದಾಗ ಬೆರಳೆತ್ತು ಅಂದಿದ್ದೇನೆ.
ಗಂಟೆಗೆ ಎರಡು ಕಡಲೆಮಿಠಾಯಿ, ಮುಂಗಡ.
ಪರದೆ ಬಿಟ್ಟು ಆ ಬೆರಳನ್ನೇ ನೋಡುತ್ತ
ಹತ್ತು ಸಾವಿರದ ಗುಂಡಿ ಇಳಿಸುತ್ತೇನೆ,
ಕೂದಲೆಳೆ, ಇನ್ನೊಂದು ಕೂದಲೆಳೆ.
ನನ್ನ ಕಿವಿಗೆ ಯಾವ ವ್ಯತ್ಯಾಸವೂ ಇಲ್ಲ.
ಬೆರಳು ನಿಧಾನ ಬಾಗುತ್ತದೆ.
ಈಗ?
ಈಗ ಡಬ್ಬಿಗೆ ಸಕ್ಕರೆ ಸುರಿದಂಗಿದೆ.
ಅಷ್ಟರಲ್ಲಿ ಕರೆಂಟು ಹೋಗುತ್ತದೆ.
ಕತ್ತಲಲ್ಲಿ ಮಿಠಾಯಿ ಕಡಿಯುವ ಸದ್ದು, ಆಮೇಲೆ
ಅವಳೇ ಕೇಳುತ್ತಾಳೆ:
ಸೇವ್ ಮಾಡಿದ್ರಾ ಮಾವ?