ಮುಚ್ಚಳದ ಒಳಮೈ

ಇನ್ನೂ ಬಣ್ಣ ಕಾಣದ ಬಿಳಿ ರಟ್ಟಿನ ಡಬ್ಬಿ,
ನಾನೇ ಬ್ಲೇಡಿನಲ್ಲಿ ಕೊಯ್ದು, ಉಗುರಲ್ಲಿ ಗೀರಿ ಮಡಚಿದ್ದು.
ಶೆವಂತಿ ತಾಂಡೇಲ ಅದನ್ನೆತ್ತಿ
ತೆಂಗಿನಕಾಯಿ ಕೊಳ್ಳುವವರ ಹಾಗೆ ಕಿವಿಯ ಬಳಿ ಅಲ್ಲಾಡಿಸಿದಳು.
"ಖಾಲಿ" ಎಂದಳು,
ನನ್ನದೇ ತಪ್ಪೆಂಬಂತೆ.

ಚೀಲದಿಂದ ಪೊಟ್ಟಣ ತೆಗೆದು
ಒಣಶೆಟ್ಲಿ ಚಟ್ನಿ ಸುರಿದೇಬಿಟ್ಟಳು ಅದರೊಳಗೆ.
ಗ್ರೀನ್ ಸ್ಟ್ರೀಟಿನ ಹಿಂಬದಿಯ ನನ್ನ ಅಂಗಡಿ,
ಎರಡು ಕಂಪ್ಯೂಟರ್, ಒಂದು ಜೆರಾಕ್ಸ್,
ಅರೆಗಳಿಗೆಯಲ್ಲಿ ಮೀನುಪೇಟೆ.
ಆಧಾರ್ ಪ್ರತಿಗೆ ಬಂದವನೊಬ್ಬ ಮೂಗರಳಿಸಿ
"ಎಷ್ಟಕ್ಕೆ ಇದು?" ಎಂದ.
ಮುಚ್ಚಳ ಮಾತ್ರ ಕೂರಲಿಲ್ಲ.
ಎರಡು ಮಿಲಿಮೀಟರ್. ಬರೆದುಕೊಂಡೆ.

ಪರದೆಯ ಮೇಲೆ ಡಬ್ಬಿ ಮಲಗಿತ್ತು
ಸೀಳಿ ಬಿಸಿಲಿಗೆ ಹರವಿದ ಬಂಗಡೆಯಂತೆ,
ಬೆನ್ನು, ಹೊಟ್ಟೆ, ಎರಡು ಪಕ್ಕೆ, ಅತ್ತಿತ್ತ ಚಾಚಿದ ಕಿವಿ.
"ಈ ಕೆಂಪು ಗೀಟು?"
ಕತ್ತರಿಸುವುದು.
"ಈ ತುಂಡು ತುಂಡು ಗೀಟು?"
ಮಡಚುವುದು.
"ಮತ್ತೆ ಗೀಟಿನ ಆಚೆಗೂ ಯಾಕೆ ಹರಿದಿದೆ ನನ್ನ ನೀಲಿ?"
ಕತ್ತಿ ಕೂದಲೆಳೆ ಆಚೀಚೆಯಾದರೆ
ಅಂಚಿನಲ್ಲಿ ಬಿಳಿ ಇಣುಕಬಾರದಲ್ಲ ಬಾಯಿ,
ಅದಕ್ಕೆ ಮೂರು ಮಿಲಿಮೀಟರ್ ಹೆಚ್ಚಿಗೆ.
ಅಚ್ಚಾಗುತ್ತದೆ. ಆಮೇಲೆ ಕಸಕ್ಕೆ.
ಅವಳು ಆ ಮೂರು ಮಿಲಿಮೀಟರನ್ನೇ
ತುಸು ಹೊತ್ತು ನೋಡುತ್ತ ಕೂತಳು.

ಹುಬ್ಬಳ್ಳಿಯ ಪ್ರೆಸ್ಸಿನಿಂದ ಫೋನು:
"ಐದು ಸಾವಿರಕ್ಕ ಕಮ್ಮಿ ಮಷಿನ್ ಹಚ್ಚೂದಿಲ್ರಿ.
ಪ್ಲೇಟ್ ಹೊಡದ್ರ ಮುಗೀತು, ಒಂದಕ್ಷರ ಅಲ್ಲಾಡಂಗಿಲ್ಲ.
ಛಲೋ ನೋಡಿ ಕಳಸ್ರಿ."

ಛಲೋ ನೋಡಿದೆವು.
ಕಂದು ಚೌಕದೊಳಗೆ ಕಂದು ತ್ರಿಕೋನ ಇದೆ.
ನಿವ್ವಳ ತೂಕದ ಅಂಕಿ ಇನ್ನೂ ದೊಡ್ಡದಾಗಬೇಕು.
ಬಾರ್‌ಕೋಡಿನ ಸುತ್ತ ಉಸಿರಾಡಲು ಬಿಳಿ ಬಿಟ್ಟಿದ್ದೇನೆ.
'ಒಣ ಮಣಸು' ಎಂದಿದ್ದದ್ದನ್ನು ಹಿಡಿದವಳು ಅವಳೇ,
ನಾಲ್ಕನೇ ಇಯತ್ತೆಯ ಕನ್ನಡದಲ್ಲಿ.
ತಯಾರಕರ ವಿಳಾಸ ಎಂಬಲ್ಲಿ ನಿಂತೆವು.

ಕಾಲೊನಿ, ಮನೆ ನಂಬರು, ಪಿನ್‌ಕೋಡು,
ಲೈಸೆನ್ಸಿನಲ್ಲಿ ಇದ್ದದ್ದೇ ಇರಬೇಕು.
"ಇರಲಿ, ಅದು ಟಪಾಲಿಗೆ.
ಚಟ್ನಿ ಅಲ್ಲಿಯದಲ್ಲ."
ಚಟ್ನಿ ಅತ್ತೆಯ ಒರಳಿನದು,
ಒರಳು ಇದ್ದ ಕೇರಿ ಈಗ ನೌಕಾನೆಲೆಯ ಗೋಡೆಯಾಚೆ,
ಹೆಸರು ವೆಳೆವಾಡ.
"ಎಲ್ಲಾದರೂ ಹಾಕು. ಸಣ್ಣಕ್ಷರ ಸಾಕು."

ಅಂಟಿನ ಪಟ್ಟಿಯಲ್ಲಿ ಜಾಗವಿತ್ತು,
ಶಾಯಿ ತಾಗಿದರೆ ಗೋಂದು ಹಿಡಿಯದು.
ತಳದಲ್ಲಿ ತಾರೀಖಿನ ಮುದ್ರೆ ಬೀಳಬೇಕು.
ಉಳಿದದ್ದು ಮುಚ್ಚಳದ ಒಳಮೈ.
ಆದರೆ ಒಳಮೈಗೆಂದು ಮಷಿನ್ ಇನ್ನೊಮ್ಮೆ ಓಡಬೇಕು,
ಡಬ್ಬಿಗೆ ನಲವತ್ತು ಪೈಸೆ.
"ಎರಡು ಸಾವಿರ" ಎಂದಳು, ನಾನು ಗುಣಿಸುವ ಮೊದಲೇ.
"ಕೊಡ್ತೆ."

ಟೈಪು ಮಾಡಿ ತೋರಿಸಿದೆ.
ಮೊದಲಕ್ಷರ ಹ್ರಸ್ವವೋ, ದೀರ್ಘವೋ?
ಅವಳಿಗೂ ಗೊತ್ತಿಲ್ಲ.
ಬಸ್ಸಿನ ಬೋರ್ಡಿಗೆ ಏರದ ಹೆಸರು,
ಕೊಂಕಣಿಯಲ್ಲಿ ಬಾಯಿಂದ ಬಾಯಿಗೆ ಇದ್ದದ್ದು.
ಪ್ರೂಫ್ ತಿದ್ದಲು ಎದುರಿಗೆ ಹಿಡಿಯುವಂಥ
ಒಂದು ಚೀಟಿಯೂ ಇಲ್ಲ.
ಒಮ್ಮೆ ಹೇಳಿ ಬಾಯಿ, ಎಂದೆ.
ಹೇಳಿದಳು, ತಹಶೀಲ್ದಾರರ ಮುಂದೆ ಹೇಳುವ ಹಾಗೆ, ಗಿಡ್ಡಕ್ಕೆ.
ಹಾಗಲ್ಲ. ಅಲ್ಲಿದ್ದಾಗ ಹೇಳುತ್ತಿದ್ದ ಹಾಗೆ.

ಕುರ್ಚಿ ಹಿಂದೆ ಸರಿಸಿ ಎದ್ದಳು.
ಬಾಯಿಗೆ ಅಂಗೈ ಅಡ್ಡ ಹಿಡಿದು
ಮಬ್ಬಿನಲ್ಲಿ ದಿಕ್ಕು ತಪ್ಪಿದ ದೋಣಿಗೆ
ದಂಡೆ ಇಲ್ಲಿದೆ ಎನ್ನುವಂತೆ
ಕೂಗಿದಳು.
ರಸ್ತೆಯಲ್ಲಿ ಒಂದು ಸ್ಕೂಟರ್ ನಿಂತು
ಮತ್ತೆ ಹೊರಟಿತು.

ದೀರ್ಘ ಕೊಟ್ಟೆ.

ಆರೂ ಹತ್ತಕ್ಕೆ ಫೈಲು ಹುಬ್ಬಳ್ಳಿಗೆ ಹೋಯಿತು.
ಮೇಜಿನ ಮೇಲೆ ಉಳಿದ ಬಿಳಿ ಡಬ್ಬಿ
ಒಂದು ಮೂಲೆಯಿಂದ ಎಣ್ಣೆ ಕುಡಿಯುತ್ತಿದೆ,
ಮುಚ್ಚಳ ಇನ್ನೂ ಎರಡು ಮಿಲಿಮೀಟರ್ ತೆರೆದು.