ಉಸಿರು ಹಿಡಿ

ಆ ದಿನದ ಫೋಲ್ಡರಿನಲ್ಲಿ ಹದಿನಾರರ ಪಕ್ಕ ಹದಿನೇಳು.
ನಡುವೆ ನಲವತ್ತು ನಿಮಿಷ,
ಊಟಕ್ಕೆ ಅಂತ ಶಟರು ಎಳೆದು ಹೋಗಿದ್ದೆ.

ಹದಿನಾರು, ದಿಬ್ಬೂರಹಳ್ಳಿಯ ಮುನಿತೇಜ,
ಹಾಸ್ಟೆಲ್ ಅರ್ಜಿಗೆ ಆರು ಕಾಪಿ.
ಮೂಗು ಸೋರುತ್ತಿತ್ತು, ಅವರಮ್ಮ ಸೆರಗಿನಲ್ಲಿ ಒರೆಸಿದಳು.
ಗಲ್ಲ ಮೇಲೆ ಮಾಡು, ಉಸಿರು ಹಿಡಿ ಅಂದೆ.
ಹಿಡಿದ.
ಫ್ಲ್ಯಾಶ್ ಆಯಿತು,
ಹಿಡಿದದ್ದನ್ನೆಲ್ಲ ಒಟ್ಟಿಗೇ ಕೆಮ್ಮಿದ.

ಹದಿನೇಳು, ಗೂಡಿನ ಮಾರ್ಕೆಟ್ ಹಿಂದಿನ ಓಣಿಯ
ರೀಲರ್ ಇನಾಯತ್ ಪಾಷಾರ ಮೊಮ್ಮಗಳು.
ಏಳು ತಿಂಗಳು. ಸುಮ್ಮನೆ, ಗೋಡೆಗೆ ಹಾಕೋಕೆ.
ಅಜ್ಜಿ ಸ್ಟೂಲಿನ ಹಿಂದೆ ಬಗ್ಗಿ
ಫೋಟೊದಲ್ಲಿ ಕಾಣದಂಥ ಕೈ ಕೊಟ್ಟು ಕೂರಿಸಿದರು.

ನಡುವೆ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.
ಸ್ಟೂಲು, ಬಾಚಣಿಗೆ, ಎಲ್ಲರಿಗೂ ಒಂದೇ ಟೈ.
ಬೆಳಕು ನುಗ್ಗಬಾರದೆಂದು ಕಿಟಕಿಗೆ ಕಪ್ಪು ರಟ್ಟು ಹೊಡೆದವನು ನಾನು,
ನೀಲಿ ಪರದೆ ಅಲುಗಬಾರದೆಂದು ಫ್ಯಾನು ಆರಿಸಿದವನೂ.

ಮೂರು ವಾರಕ್ಕೆ ಆಶಾ ಮುನಿರತ್ನಮ್ಮ ಬಂದರು, ರಿಜಿಸ್ಟರ್ ಹಿಡಿದು.
"ಬೀದಿ ಬೇರೆ, ಬಸ್ಸು ಬೇರೆ, ಒಬ್ಬರ ಮುಖ ಒಬ್ಬರು ಕಂಡಿಲ್ಲ.
ಎಲ್ಲಿ ಸೇರಿದರೋ ತಿಳೀತಿಲ್ಲ ಕಣಪ್ಪ."
ನಾನು ಮಾನಿಟರ್ ತಿರುಗಿಸಿದೆ.
ಬಹಳ ಹೊತ್ತು ನೋಡಿ, ಕನ್ನಡಕ ತೆಗೆದರು.
"ದಡಾರ ಹಾಗೇ. ತಂದವರು ಎದ್ದು ಹೋದರೂ
ಎರಡು ಗಂಟೆ ತಾನು ಕೂತಿರುತ್ತೆ."

ಹುಡುಗನ ಕಾರ್ಡಿನಲ್ಲಿ ಎರಡು ಖಾನೆ ಖಾಲಿಯಂತೆ.
ಎರಡು ಸಲವೂ ಮಾವಿನ ಕೂಲಿಗೆ ಶ್ರೀನಿವಾಸಪುರದಲ್ಲಿದ್ದರಂತೆ.
ಮಗುವಿಗೆ ಚುಚ್ಚೋದು ಒಂಬತ್ತು ತುಂಬಿದ ಮೇಲೆ.

ಅವರಿಗೆ ಒಂದು ಹೇಳಲಿಲ್ಲ:
ಹುಡುಗನ ಕಣ್ಣು ಕೆಂಪಾಗಿತ್ತು.
ಫ್ಲ್ಯಾಶಿನದು ಅಂದುಕೊಂಡೆ.
ಎರಡು ಕ್ಲಿಕ್ಕಿಗೆ ಬೆಳ್ಳಗೆ ಮಾಡಿ, ಬಾರ್ಡರ್ ಹಾಕಿ,
ಅರವತ್ತು ರೂಪಾಯಿ ತಗೊಂಡೆ.

ಮೇಲೂರಿನ ಭಾವ ಹುಳುಮನೆಗೆ ನನ್ನನ್ನೇ ಬಿಡೋದಿಲ್ಲ.
ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ, ಒಳಗೆ ಬೇರೆ ಚಪ್ಪಲಿ.
ಮೂರನೇ ಜ್ವರಕ್ಕೆ ಕೂತಿವೆ, ಹೊರಗಿನವರು ಬರಬೇಡಿ ಅಂತಾನೆ,
ಹುಳುವಿನ ಆ ನಿದ್ದೆಗೂ ನಮ್ಮಲ್ಲಿ ಜ್ವರ ಅಂತಲೇ ಹೆಸರು.
ಶಿಡ್ಲಘಟ್ಟದಲ್ಲಿ ಹುಟ್ಟಿದ ಯಾರಿಗೂ ಇದನ್ನು ಕಲಿಸಬೇಕಿಲ್ಲ.
ನನ್ನ ಹೊಸ್ತಿಲಿಗೆ ಮಾತ್ರ
ಬನ್ನಿ ಬನ್ನಿ ಅನ್ನೋ ಕಾಲೊರಸು.

ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು...
ಅವರದೂ ನಂಬರ್ ಬರೆದುಕೊಂಡು ಹೋದರು.
ಇಪ್ಪತ್ತನೆಯವನು ಹೆಣ್ಣಿನ ಮನೆಗೆ ತೋರಿಸೋ ಫೋಟೊ ತೆಗೆಸಿದ್ದ.

ಮಗು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದೆ,
ಅಷ್ಟೇ ಹೇಳಿದ್ದು.
ಅದರ ಪ್ರಿಂಟು ಕವರಿನಲ್ಲಿ, ಡ್ರಾಯರಿನಲ್ಲಿ.
ಬ್ಯಾಲೆನ್ಸ್ ಇಪ್ಪತ್ತು ಅಂತ ನಾನೇ ಬರೆದಿದ್ದೇನೆ ಮೇಲೆ.

ರಟ್ಟು ಕಿತ್ತಿದ್ದೇನೆ. ಫ್ಯಾನು ಓಡುತ್ತೆ.
ಹಿಂದಿನ ನೀಲಿ ಅಲುಗಿದೆ, ಆಫೀಸಿನಲ್ಲಿ ತಗೊಳ್ಳಲ್ಲ ಅಂತ
ನಿನ್ನೆ ಒಬ್ಬರು ಜಗಳ ತೆಗೆದರು.
ದುಡ್ಡು ವಾಪಸ್ ಕೊಟ್ಟೆ.